ಜೀವಶಾಸ್ತ್ರದ ಮುಕ್ತ ತಂತ್ರಾಂಶಗಳೂ ನಮ್ಮ ಹೆಣ್ಣುಮಕ್ಕಳೂ

ಕಳೆದ ವರ್ಷದ ಪೂರ್ವ ವಿದ್ಯಾರ್ಥಿನಿಯರ ಸಮ್ಮೇಳನದ ದಿನ, ಉಪಾಹಾರವು ಮುಗಿದು ಎಲ್ಲರೂ ಹೊರಡುವ ಹೊತ್ತಿಗೆ, ಹಿರಿಯರಾದ ಒಬ್ಬ ತಂದೆಯವರು ನಮ್ಮ ಕೊಠಡಿಯ ಬಾಗಿಲಲ್ಲಿ ನಿಂತು, "ಅಮ್ಮನವರೇ, ತಮ್ಮಿಂದ ಒಂದು ವಿಷಯ ತಿಳಿಯಬೇಕಾಗಿದೆ" ಎಂದರು. ಅವರ ಮಗಳು ನಮ್ಮ ಶಾಲೆಯಲ್ಲಿ ಓದಿ, ಮುಂದೆ ಜೀವತಂತ್ರಜ್ಞಾನದಲ್ಲಿ ಎಂ.ಎಸ್‌ಸಿ. ಪದವಿಯನ್ನು ಪಡೆದವಳು. ಹಗಲೆಲ್ಲ ಒಂದು ಪ್ರಯೋಗಾಲಯದಲ್ಲಿ ಸಂಬಳಕ್ಕೆ ದುಡಿದು ಬಂದು, ರಾತ್ರಿ ಊಟವಾದ ಮೇಲೆ ಮತ್ತೆ ಕಂಪ್ಯೂಟರಿನ ಮುಂದೆ ಕುಳಿತು, ಯಾರೋ ಜರ್ಮನಿಯವರೊಡನೆ, ಯಾರೋ ಜಪಾನಿನವರೊಡನೆ ಬರೆದಾಡಿಕೊಂಡು, ಯಾವುದೋ ತಂತ್ರಾಂಶವನ್ನು ತಿದ್ದುತ್ತಿರುವಳಂತೆ. ಅದಕ್ಕಾಗಿ ಒಂದು ಕಾಸೂ ಬರುವುದಿಲ್ಲವಂತೆ. "ಇದು ಬಿಟ್ಟಿ ಚಾಕರಿಯಲ್ಲವೆ? ಮಗುವಿಗೆ ಯಾರಾದರೂ ಮೋಸ ಮಾಡುತ್ತಿರುವರೋ ಏನೋ!" ಎಂದು ಅವರು ಬಹಳ ನೊಂದುಕೊಂಡು ಕೇಳಿದರು.

ನಾವು ಆ ದಿನ ತಕ್ಕ ಉತ್ತರವನ್ನು ಕೊಡಲಾರದೆ ಹೋದೆವು. ಜೀವಶಾಸ್ತ್ರವನ್ನೂ ಗಣಿತವನ್ನೂ ಇಪ್ಪತ್ತು ವರ್ಷಗಳಿಂದ ಕಲಿಸುತ್ತ ಬಂದಿದ್ದರೂ ಈ ವಿಷಯದಲ್ಲಿ ನಮ್ಮ ತಿಳಿವಳಿಕೆಯು ಅಲ್ಪವಾಗಿತ್ತು. ಆದಕಾರಣ ಬೇಸಿಗೆಯ ರಜೆಯಲ್ಲಿ ಆ ಹುಡುಗಿಯನ್ನೇ ಕರೆಯಿಸಿಕೊಂಡು, ಅವಳ ಪಕ್ಕದಲ್ಲಿ ಶಿಷ್ಯಳಂತೆ ಕುಳಿತು ಕೇಳಿದೆವು. ಆಮೇಲೆ ನಾವೂ ಅಷ್ಟಿಷ್ಟು ಓದಿದೆವು. ತಂದೆಯವರಿಗೆ ಸಲ್ಲಬೇಕಾಗಿದ್ದ ಉತ್ತರವನ್ನು ಈ ಸಂಚಿಕೆಯಲ್ಲಿ ಎಲ್ಲ ಪೋಷಕರ ಮುಂದೆಯೂ ಇಡುತ್ತಿದ್ದೇವೆ.

ಮೊದಲು ಈ ತಂತ್ರಾಂಶಗಳ ಕೆಲಸವೇನೆಂಬುದನ್ನು ಹೇಳಬೇಕು. ಪ್ರತಿಯೊಂದು ಜೀವಕೋಶದಲ್ಲಿಯೂ ಡಿಎನ್‌ಎ ಎಂಬ ಉದ್ದವಾದ ಎಳೆಯಿರುವುದೆಂದು ನಮ್ಮ ಹತ್ತನೆಯ ತರಗತಿಯ ಮಕ್ಕಳು ಕೂಡ ಬಲ್ಲರು. ಈ ಎಳೆಯು ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಗ್ರಂಥದಂತಿದೆ. ಕೊರೋನಾ ರೋಗದ ವಿಷಾಣುವಿನ ಗ್ರಂಥವು ಸುಮಾರು ೩೦,೦೦೦ ಅಕ್ಷರಗಳಷ್ಟು (ಅದರದು ಡಿಎನ್‌ಎ ಅಲ್ಲ, ಅದಕ್ಕೆ ಸೋದರಿಯಂತಿರುವ ಆರ್‌ಎನ್‌ಎ). ಮನುಷ್ಯನದು ಸುಮಾರು ೩೦೦ ಕೋಟಿ ಅಕ್ಷರಗಳಷ್ಟು. ಇಂಥ ಎರಡು ಗ್ರಂಥಗಳನ್ನು ಹೋಲಿಸಿ, ಎಲ್ಲಿ ಒಂದೇ ಆಗಿವೆ, ಎಲ್ಲಿ ಬೇರೆಯಾಗಿವೆ ಎಂದು ಹೇಳುವುದೇ ಈ ಶಾಸ್ತ್ರದ ಮೊದಲ ಪಾಠ.

ಹೋಲಿಸುವುದೇನು ಮಹಾಕಷ್ಟ ಎಂದು ಕೇಳಬಹುದು. 'ಕಮಲದಳ' ಎಂಬ ಪದವನ್ನು ಒಬ್ಬ ಹುಡುಗಿಯು ನಕಲು ಮಾಡುವಾಗ ಒಂದಕ್ಷರವನ್ನು ಬಿಟ್ಟು 'ಕಮದಳ' ಎಂದು ಬರೆದಳೆನ್ನೋಣ. ಅಕ್ಷರದ ಕೆಳಗೆ ಅಕ್ಷರವನ್ನಿಟ್ಟು ನೋಡುತ್ತ ಹೋದರೆ, ಮೂರನೆಯದು ತಪ್ಪು, ನಾಲ್ಕನೆಯದು ತಪ್ಪು, ಐದನೆಯದು ಇಲ್ಲವೇ ಇಲ್ಲ. ಮಗುವು ಮಾಡಿದ್ದು ಒಂದೇ ತಪ್ಪು. ನಮಗೆ ಕಾಣುವುದು ಮೂರು. 'ಮ'ಕಾರವಾದ ಮೇಲೆ ಒಂದು ಖಾಲಿ ಸ್ಥಳವನ್ನು ಬಿಟ್ಟರೆ ಮಾತ್ರ ಉಳಿದುದೆಲ್ಲ ಸರಿಯಾಗಿ ಹೊಂದುವುದು. ಹೀಗೆ ಎಲ್ಲೆಲ್ಲಿ ಖಾಲಿ ಬಿಟ್ಟರೆ ಅತ್ಯುತ್ತಮವಾದ ಹೊಂದಿಕೆಯು ಸಿಕ್ಕುವುದೆಂಬುದನ್ನು ಕ್ರಮವಾಗಿ ಕಂಡುಹಿಡಿಯುವ ಒಂದು ಲೆಕ್ಕವನ್ನು ೧೯೭೦ರಲ್ಲಿ ನೀಡಲ್‌ಮನ್, ವುನ್ಶ್ ಎಂಬಿಬ್ಬರು ಪ್ರಕಟಿಸಿದರು. ೧೯೯೦ರಲ್ಲಿ ಬಂದ ಬ್ಲಾಸ್ಟ್ ಎಂಬ ತಂತ್ರಾಂಶವು, ಪೂರ್ಣವಾದ ಲೆಕ್ಕಕ್ಕೆ ಬದಲಾಗಿ ಜಾಣತನದ ಒಂದು ಒಳದಾರಿಯನ್ನು ಹಿಡಿದು, ಲಕ್ಷಾಂತರ ಗ್ರಂಥಗಳ ನಡುವೆ ಹೋಲಿಕೆಯುಳ್ಳದ್ದನ್ನು ಬಹು ಬೇಗ ಹುಡುಕಿಕೊಡುವಂಥದು. ಐದಕ್ಷರಕ್ಕೆ ನಮ್ಮ ಕಣ್ಣು ಸಾಕು. ಮೂವತ್ತು ಸಾವಿರಕ್ಕೆ ಯಂತ್ರವೇ ಬೇಕು.

ಈ ವಿದ್ಯೆಗೆ ತಳಹದಿಯನ್ನು ಹಾಕಿದವರಲ್ಲಿ ಒಬ್ಬ ಸ್ತ್ರೀಯಿದ್ದರೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ತಿಳಿದಿರಬೇಕು. ಅಮೇರಿಕದ ಮಾರ್ಗರೆಟ್ ಡೇಹಾಫ್ (೧೯೨೫-೧೯೮೩) ಅವರು ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು, ಇಬ್ಬರು ಹೆಣ್ಣುಮಕ್ಕಳ ತಾಯಿ. ಅದುವರೆಗೆ ಅಲ್ಲೊಂದು ಇಲ್ಲೊಂದು ಪತ್ರಿಕೆಯಲ್ಲಿ ಚದರಿಹೋಗಿದ್ದ ಪ್ರೋಟೀನುಗಳ ಅಕ್ಷರಮಾಲೆಗಳನ್ನೆಲ್ಲ ಅವರು ತಮ್ಮ ಸಂಗಡಿಗರೊಡನೆ ಕೂಡಿಸಿ, ೧೯೬೫ರಲ್ಲಿ ಒಂದು ಪುಸ್ತಕವನ್ನು ಹೊರತಂದರು. ಅದರಲ್ಲಿ ೬೫ ಪ್ರೋಟೀನುಗಳಿದ್ದವು. ಪ್ರೋಟೀನಿನ ಇಪ್ಪತ್ತು ಘಟಕಗಳಿಗೆ ಒಂದೊಂದೇ ಅಕ್ಷರದ ಹೆಸರನ್ನು ಬಳಕೆಗೆ ತಂದವರೂ ಅವರೇ. ಇಂದಿಗೂ ಜಗತ್ತಿನ ಎಲ್ಲ ಪ್ರಯೋಗಾಲಯಗಳೂ ಆ ಅಕ್ಷರಗಳನ್ನೇ ಬರೆಯುತ್ತವೆ.

ಆದರೆ ಇವರ ಕಥೆಯಲ್ಲಿಯೇ ನಮ್ಮ ವಿಷಯದ ಮುಳ್ಳೂ ಇದೆ. ಈ ಸಂಗ್ರಹದ ಖರ್ಚನ್ನು ತೂಗಿಸುವ ಸಲುವಾಗಿ ಡೇಹಾಫರ ಸಂಸ್ಥೆಯು ಅದನ್ನು ಕ್ರಯಕ್ಕೆ ಕೊಡುತ್ತಿತ್ತು. ಕೊಂಡವರು ಮತ್ತೊಬ್ಬರಿಗೆ ಹಂಚಬಾರದೆಂಬ ನಿಬಂಧನೆಯೂ ಇತ್ತು. ತಮ್ಮ ಪ್ರಯೋಗದ ಫಲವನ್ನು ಉಚಿತವಾಗಿ ಬರೆದು ಕಳುಹಿಸಿದ ವಿಜ್ಞಾನಿಗಳಿಗೆ ಇದು ಹಿಡಿಸಲಿಲ್ಲ. ೧೯೮೨ರಲ್ಲಿ ಅಮೇರಿಕದ ಸರಕಾರವು ಡಿಎನ್‌ಎ ಮಾಲೆಗಳಿಗಾಗಿ ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಭಂಡಾರವನ್ನು ತೆರೆಯುವಾಗ, ಆ ಕೆಲಸವು ಡೇಹಾಫರಿಗೆ ಸಿಕ್ಕದೆ, ಎಲ್ಲವನ್ನೂ ಮುಕ್ತವಾಗಿ ಹಂಚುವೆವೆಂದ ಲಾಸ್ ಆಲಮೋಸ್ ಪ್ರಯೋಗಾಲಯಕ್ಕೆ ಹೋಯಿತು. ತೀರ್ಮಾನವು ಸರಿಯಾದುದೆಂದೇ ನಮಗೂ ತೋರುವುದು. ಆದರೂ, ಹದಿನೈದು ವರ್ಷಗಳಿಗಿಂತ ಹೆಚ್ಚು ಕಾಲ ಅಕ್ಷರ ಅಕ್ಷರವನ್ನು ಒಪ್ಪವಾಗಿಸಿ ಕೂಡಿಸಿದವರ ದುಡಿಮೆಗೆ ಯಾರು ಬೆಲೆ ಕೊಡಬೇಕು ಎಂಬ ಪ್ರಶ್ನೆಯು ಅಲ್ಲಿಗೆ ಮುಗಿಯಲಿಲ್ಲ. ಆ ತಂದೆಯವರು ನಮ್ಮ ಬಾಗಿಲಲ್ಲಿ ನಿಂತು ಕೇಳಿದ್ದೂ ಅದೇ ಪ್ರಶ್ನೆಯಲ್ಲವೆ?

'ಮುಕ್ತ ತಂತ್ರಾಂಶ' ಅಥವಾ 'ಓಪನ್ ಸೋರ್ಸ್' ಎಂಬ ಮಾತಿಗೆ 'ಪುಕ್ಕಟೆ' ಎಂಬುದಷ್ಟೇ ಅರ್ಥವಲ್ಲ. ತಂತ್ರಾಂಶದ ಮೂಲಬರಹವು ಎಲ್ಲರ ಕಣ್ಣಿಗೆ ಬಿದ್ದಿರುವುದು. ಯಾರು ಬೇಕಾದರೂ ಅದನ್ನು ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಈ ಹಕ್ಕುಗಳನ್ನು ಒಂದು ಪರವಾನಗಿಯ ಪತ್ರವು ಬರಹದಲ್ಲಿಯೇ ಕೊಟ್ಟಿರುವುದು. ಬಾಯಿಮಾತಿನ ಔದಾರ್ಯವಲ್ಲ, ಕಾನೂನಿನ ಕಾಗದ. ಮನೆಯ ಅಡಿಗೆಗೂ ಅಂಗಡಿಯ ಪೊಟ್ಟಣದ ಪುಡಿಗೂ ಇರುವ ಭೇದವನ್ನು ತಾಯಂದಿರು ಬಲ್ಲರು: ಪೊಟ್ಟಣದಲ್ಲಿ ಏನೇನು ಬೆರೆತಿದೆಯೆಂದು ನಾವು ನಂಬಬೇಕು, ಮನೆಯದರಲ್ಲಿ ನೋಡಬಹುದು.

ನೋಡಲಾಗದಿದ್ದರೆ ಏನಾಗಬಹುದೆಂಬುದಕ್ಕೆ ೨೦೦೬ರ ಒಂದು ಸಂಗತಿಯಿದೆ. ಅಮೇರಿಕದ ಒಂದು ಹೆಸರಾಂತ ಪ್ರಯೋಗಾಲಯದವರು ಪ್ರೋಟೀನುಗಳ ಆಕಾರವನ್ನು ಕಂಡುಹಿಡಿಯಲು, ಹೊರಗಿನವರಾರೂ ಪರೀಕ್ಷಿಸದಿದ್ದ, ತಮ್ಮಲ್ಲಿಯೇ ಇಟ್ಟುಕೊಂಡಿದ್ದ ಒಂದು ಚಿಕ್ಕ ತಂತ್ರಾಂಶವನ್ನು ಬಳಸುತ್ತಿದ್ದರು. ಅದರಲ್ಲಿ ಅಂಕಿಗಳ ಎರಡು ಕಂಬಗಳು ಅದಲುಬದಲಾಗಿದ್ದುದರಿಂದ, ಕನ್ನಡಿಯಲ್ಲಿ ಬಲಗೈಯು ಎಡಗೈಯಾಗಿ ಕಾಣುವಂತೆ, ಆಕಾರವು ತಿರುವುಮುರುವಾಗಿ ಬಂದಿತ್ತು. ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಅದೇ ಬಗೆಯ ಮತ್ತೊಂದು ಪ್ರೋಟೀನಿನ ಆಕಾರವನ್ನು ಪ್ರಕಟಿಸಿದಾಗಲೇ ತಪ್ಪು ಬಯಲಾಯಿತು. ಐದು ಪ್ರಬಂಧಗಳನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಯಾರೂ ಸುಳ್ಳು ಹೇಳಿರಲಿಲ್ಲ. ಯಾರೂ ನೋಡಿರಲಿಲ್ಲ, ಅಷ್ಟೆ.

ಇನ್ನೊಂದು, ನಗು ತರಿಸುವ ಸಂಗತಿ. ವಂಶವಾಹಿಗಳಲ್ಲಿ ಕೆಲವಕ್ಕೆ 'ಸೆಪ್ಟ್ ೨', 'ಮಾರ್ಚ್ ೧' ಎಂಬ ಸಂಕೇತನಾಮಗಳಿದ್ದವು. ನಮ್ಮ ಗುಮಾಸ್ತೆಯವರು ಫೀಸಿನ ಪಟ್ಟಿಗೆ ಬಳಸುವ ಎಕ್ಸೆಲ್ ತಂತ್ರಾಂಶದಲ್ಲಿ ಇವನ್ನು ಬರೆದರೆ, ಅದು ಇವನ್ನು ತಾರೀಖುಗಳೆಂದು ತಿಳಿದು 'ಸೆಪ್ಟೆಂಬರ್ ೨', 'ಮಾರ್ಚಿ ೧' ಎಂದು ತಾನೇ ಬದಲಾಯಿಸಿಬಿಡುವುದು. ವಂಶವಾಹಿಗಳ ಪಟ್ಟಿಯನ್ನು ಎಕ್ಸೆಲ್ಲಿನಲ್ಲಿ ಲಗತ್ತಿಸಿದ ಪ್ರಬಂಧಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಇಂಥ ತಪ್ಪಿರುವುದೆಂದು ೨೦೧೬ರಲ್ಲಿ ಮೂವರು ಸಂಶೋಧಕರು ಲೆಕ್ಕಹಾಕಿ ತೋರಿಸಿದರು. ಕಡೆಗೆ ೨೦೨೦ರಲ್ಲಿ, ಹೆಸರಿಡುವ ಸಮಿತಿಯವರು ವಂಶವಾಹಿಗಳ ಹೆಸರುಗಳನ್ನೇ ಬದಲಾಯಿಸಿದ್ದಾಗಿ ಪ್ರಕಟಿಸಿದರು! ಅತ್ತೆಗೆ ಒಗ್ಗದ ಸೊಸೆಯ ಹೆಸರನ್ನೇ ಬದಲಿಸಿದಂತಾಯಿತು.

ಈಗ ಬಳಗಗಳ ಮಾತು. ೧೯೯೬ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಸಮೀಪದ ದೊಡ್ಡ ಜೀನೋಮ್ ಕೇಂದ್ರದವರೂ ಅಮೇರಿಕದ ದೊಡ್ಡ ಕೇಂದ್ರದವರೂ ಕೂಡಿ ನೋಡಿದಾಗ, ಇಬ್ಬರ ಕೆಲಸವೂ ಒಂದೇ ಆದರೂ ಇಬ್ಬರ ಕಡತಗಳ ರೀತಿಯು ಬೇರೆಯಾಗಿ, ಒಬ್ಬರದು ಮತ್ತೊಬ್ಬರ ಯಂತ್ರಕ್ಕೆ ಅರ್ಥವಾಗದೆ ಹೋಯಿತು. ಪರ್ಲ್ ಎಂಬ ಗಣಕಭಾಷೆಯಲ್ಲಿ ಚಿಕ್ಕ ಚಿಕ್ಕ ಭಾಷಾಂತರಕಾರರನ್ನು ಬರೆದು ಆ ತೊಡಕನ್ನು ಬಿಡಿಸಿಕೊಂಡರೆಂದು ಲಿಂಕನ್ ಸ್ಟೈನ್ ಎಂಬ ವಿಜ್ಞಾನಿಯು ಅದೇ ವರ್ಷ ಬರೆದಿರುವರು. ಇಂಥ ಕೆಲಸವನ್ನು ಊರೂರಿನಲ್ಲಿ ಪ್ರತಿಯೊಬ್ಬರೂ ಹೊಸದಾಗಿ ಮಾಡುವ ಬದಲು ಕೂಡಿ ಮಾಡೋಣವೆಂಬ ಯೋಚನೆಯಿಂದಲೇ ಬಯೋಪರ್ಲ್ ಎಂಬ ಬಳಗವು ಬೆಳೆಯಿತು. ಪೈಥಾನ್ ಭಾಷೆಯಲ್ಲಿ ಬರೆಯುವವರು ೧೯೯೯ರಲ್ಲಿ ಬಯೋಪೈಥಾನನ್ನು ಪ್ರಾರಂಭಿಸಿದರು. ಬಯೋಜಾವಾ, ಬಯೋರೂಬಿ ಎಂಬ ಸೋದರಿಯರೂ ಹುಟ್ಟಿದರು. ಇವರೆಲ್ಲರಿಗೂ ಆಸರೆಯಾಗಿ ಓಪನ್ ಬಯೋಇನ್‌ಫರ್ಮ್ಯಾಟಿಕ್ಸ್ ಫೌಂಡೇಶನ್ ಎಂಬ ಸಂಸ್ಥೆಯು ೨೦೦೧ರಲ್ಲಿ ಸ್ಥಾಪಿತವಾಯಿತು. ೨೦೦೦ದಿಂದ ಮೊದಲಾಗಿ ವರ್ಷ ವರ್ಷವೂ ಸಮ್ಮೇಳನವು ನಡೆಯುತ್ತಲಿದೆ.

ನಮ್ಮ ಹುಡುಗಿಯು ಕೈಗೂಡಿಸಿರುವುದು ಬಯೋಪೈಥಾನಿಗೆ. ಅದರ ಒಂದು ಭಾಗವು ಹತ್ತಾರು ರೀತಿಯ ಕಡತಗಳನ್ನು ಓದಿ, ಎಲ್ಲವನ್ನೂ ಒಂದೇ ರೂಪಕ್ಕೆ ತರುವುದು. ಮತ್ತೊಂದು, ಪ್ರೋಟೀನಿನ ಎಲುಬುಗೂಡಿನ ತಿರುವುಗಳನ್ನು ಅಳೆಯುವುದು. ಈ ತಿರುವುಗಳಲ್ಲಿ ಯಾವುವು ಸಾಧ್ಯ, ಯಾವುವು ಅಸಾಧ್ಯ ಎಂಬ ನಕ್ಷೆಯನ್ನು ೧೯೬೩ರಲ್ಲಿ ಮದರಾಸಿನಲ್ಲಿ ತಮ್ಮ ಸಂಗಡಿಗರೊಡನೆ ರಚಿಸಿದವರು ಜಿ. ಎನ್. ರಾಮಚಂದ್ರನ್, ಮುಂದೆ ಅವರು ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದರು. ಬಯೋಪೈಥಾನಿನ ಕೈಪಿಡಿಯ ಹೆಸರಿನಲ್ಲಿ 'ಪಾಕಪುಸ್ತಕ' ಎಂಬ ಅರ್ಥದ ಮಾತಿರುವುದನ್ನು ಕಂಡು ನಮಗೆ ಸಂತೋಷವಾಯಿತು.

ಅಲ್ಲಿಯ ಕೆಲಸದ ಕ್ರಮ ಹೀಗಿದೆ. ಮೂಲಬರಹವೆಲ್ಲವೂ ಗಿಟ್ ಎಂಬ ದಫ್ತರದಲ್ಲಿರುವುದು. ಯಾರು, ಯಾವ ದಿನ, ಯಾವ ಸಾಲನ್ನು, ಏತಕ್ಕಾಗಿ ತಿದ್ದಿದರೆಂಬುದು ಅದರಲ್ಲಿ ಹೆಸರಿನೊಡನೆ ಉಳಿಯುವುದು. ಹಳೆಯ ಸಾಲು ಅಳಿದುಹೋಗುವುದಿಲ್ಲ. ಹೊಸಬಳು ಒಂದು ತಿದ್ದುಪಡಿಯನ್ನು ಮಾಡಬೇಕೆಂದರೆ, ತನ್ನದೇ ಪ್ರತಿಯೊಂದನ್ನು ಮಾಡಿಕೊಂಡು, ಅದರಲ್ಲಿ ತಿದ್ದಿ, "ಇದನ್ನು ಸ್ವೀಕರಿಸಬಹುದೆ?" ಎಂದು ಮುಂದಿಡುವಳು. ಕೂಡಲೇ ಯಂತ್ರವು ಮೊದಲೇ ಬರೆದಿಟ್ಟ ಪರೀಕ್ಷೆಗಳನ್ನೆಲ್ಲ ನಡೆಯಿಸಿ, ಹೊಸ ತಿದ್ದುಪಡಿಯಿಂದ ಹಳೆಯದೇನಾದರೂ ಮುರಿಯಿತೋ ಎಂದು ನೋಡುವುದು. ಆಮೇಲೆ ಹಳಬರೊಬ್ಬರು ಸಾಲು ಸಾಲಾಗಿ ಓದಿ ಶರಾ ಬರೆಯುವರು. ನಮ್ಮ ಕೆಂಪು ಶಾಯಿಯ ಕೆಲಸವೇ! ಒಂದೇ ಭೇದವೇನೆಂದರೆ, ಇಲ್ಲಿ ವಿದ್ಯಾರ್ಥಿನಿಯೂ ಉಪಾಧ್ಯಾಯಿನಿಯ ಶರಾಕ್ಕೆ ಸಕಾರಣವಾಗಿ ಉತ್ತರ ಕೊಡಬಹುದು, ಕೆಲವೊಮ್ಮೆ ಗೆಲ್ಲಲೂಬಹುದು. ಸ್ವೀಕೃತವಾದರೆ ಅವಳ ಹೆಸರು ಸಹಾಯಕರ ಪಟ್ಟಿಗೆ ಸೇರುವುದು.

ಬೇರೆ ಬಳಗಗಳನ್ನು ಚಿಕ್ಕದಾಗಿ ಹೇಳುವೆವು. ೨೦೦೧ರಲ್ಲಿ ಪ್ರಾರಂಭವಾದ ಬಯೋಕಂಡಕ್ಟರ್, ಆರ್ ಎಂಬ ಸಂಖ್ಯಾಶಾಸ್ತ್ರದ ಭಾಷೆಯನ್ನವಲಂಬಿಸಿ, ೨,೦೦೦ಕ್ಕೂ ಹೆಚ್ಚು ಬಿಡಿ ತಂತ್ರಾಂಶಗಳನ್ನುಳ್ಳದ್ದು. ಲೆಕ್ಕದಲ್ಲಿ ರುಚಿಯುಳ್ಳವರಿಗೆ ತಕ್ಕದ್ದು. ೨೦೦೫ರಿಂದ ಬಂದ ಗ್ಯಾಲಕ್ಸಿಯು, ಗಣಕಭಾಷೆಯನ್ನು ಅರಿಯದ ಜೀವಶಾಸ್ತ್ರಜ್ಞರೂ ಗುಂಡಿಗಳನ್ನೊತ್ತಿ ಕೆಲಸ ಮಾಡುವಂತೆ ಏರ್ಪಡಿಸಿದ್ದು. ಅದರ ಪಾಠಗಳು ಉಚಿತವಾಗಿವೆ, ಪಾಠ ಬರೆಯುವುದಕ್ಕೂ ಜನ ಬೇಕಾಗಿದ್ದಾರೆ. ಉಪಾಧ್ಯಾಯಿನಿಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಇದನ್ನು ಗಮನಿಸಬೇಕು.

ಎಲ್ಲವೂ ಸುಗಮವೆಂದು ಹೇಳಿದರೆ ಅದು ಸತ್ಯವಾಗದು. ಈ ನಮ್ಮ ಹುಡುಗಿಯು ಮೊದಲು ಹೋದದ್ದು ಬೇರೊಂದು ಬಳಗಕ್ಕೆ. ಅದರ ಹೆಸರು ಇಲ್ಲಿ ಬೇಡ. ಅದರ ಕೈಪಿಡಿಯಲ್ಲಿ ಕೊಟ್ಟಿದ್ದ ಒಂದು ಉದಾಹರಣೆಯು ಹಳೆಯ ಆವೃತ್ತಿಯದಾಗಿದ್ದು, ಹೊಸದರಲ್ಲಿ ನಡೆಯುತ್ತಿರಲಿಲ್ಲ. ಒಂದೇ ಸಾಲಿನ ತಿದ್ದುಪಡಿಯನ್ನು ಮೂರು ಸಂಜೆ ಕುಳಿತು, ಹತ್ತು ಸಾರಿ ಪರೀಕ್ಷಿಸಿ ಕಳುಹಿಸಿದಳು. ಆರು ವಾರ ಉತ್ತರವಿಲ್ಲ. ಬಂದ ಉತ್ತರವಾದರೋ, ನಿಯಮಗಳನ್ನು ಓದಿಕೊಂಡು ಬಾ ಎಂಬ ಎರಡು ಬಿರುಸಾದ ಮಾತು. ಅವಳು ಒಂದು ವರ್ಷದವರೆಗೆ ಆ ಕಡೆ ತಲೆ ಹಾಕಲಿಲ್ಲ. "ಮಿಸ್, ನನಗೆ ಇಂಗ್ಲಿಷು ಬರದೆಂದು ಹಾಗೆ ಬರೆದರೆಂದುಕೊಂಡೆ" ಎಂದು ನಮ್ಮೊಡನೆ ಹೇಳಿದಳು. ಏಳನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದ ಮಕ್ಕಳ ಎದೆಯಲ್ಲಿ ಈ ಭಯವು ಎಷ್ಟು ಆಳವಾಗಿ ಕೂತಿರುವುದೆಂದು ನಾವು ಬಲ್ಲೆವು. ನಾವೂ ಹಾಗೆಯೇ ಓದಿದವರು. ನಿಜ ಸಂಗತಿಯೇನೆಂದರೆ, ಆ ಬಳಗವನ್ನು ನೋಡಿಕೊಳ್ಳುತ್ತಿದ್ದವರು ಇಬ್ಬರೇ. ಅವರಿಗೂ ಹಗಲು ಬೇರೆ ಉದ್ಯೋಗ. ದಣಿದವರ ಲೇಖನಿಯು ಬಿರುಸಾಗುವುದು. ಅದು ಕಾರಣವೇ ಹೊರತು ಕ್ಷಮೆಗೆ ಆಧಾರವಲ್ಲ. ಈಗ ಒಳ್ಳೆಯ ಬಳಗಗಳೆಲ್ಲ ನಡತೆಯ ನಿಯಮಾವಳಿಯನ್ನು ಪ್ರಕಟಿಸಿವೆ, ದೂರು ಕೊಡಬೇಕಾದವರ ಹೆಸರನ್ನೂ ಕೊಟ್ಟಿವೆ. ಮಗಳು ಸೇರುವ ಮೊದಲು ಅದನ್ನು ಓದಿ ನೋಡಿರೆಂದು ತಂದೆತಾಯಿಗಳಿಗೆ ನಮ್ಮ ಸೂಚನೆ.

ಸೇರುವವಳು ಮೂಲಬರಹದಿಂದಲೇ ಪ್ರಾರಂಭಿಸಬೇಕಾಗಿಲ್ಲ. ಮೊದಲು ತಂತ್ರಾಂಶವನ್ನು ತನ್ನ ಸ್ವಂತ ಕೆಲಸಕ್ಕೆ ಬಳಸಲಿ. ಬಳಸದವಳಿಗೆ ಕುಂದು ಕಾಣದು. ಕುಂದು ಕಂಡಾಗ ಅದನ್ನು ಸರಿಯಾಗಿ ವರದಿ ಮಾಡುವುದೇ ದೊಡ್ಡ ಸೇವೆ. ನಾನು ಏನು ಮಾಡಿದೆ, ಏನಾಗಬೇಕೆಂದು ಎಣಿಸಿದ್ದೆ, ಏನಾಯಿತು, ಯಾವ ಆವೃತ್ತಿ, ಯಾವ ಯಂತ್ರ: ಇಷ್ಟೇ. ನಮ್ಮ ಪ್ರಯೋಗಶಾಲೆಯ ದಾಖಲೆ ಪುಸ್ತಕದಲ್ಲಿ 'ಉದ್ದೇಶ, ವಿಧಾನ, ವೀಕ್ಷಣೆ' ಎಂದು ಬರೆಯಿಸುವುದು ಇದನ್ನೇ. ಆ ಪುಸ್ತಕವನ್ನು ಶುದ್ಧವಾಗಿ ಇಟ್ಟಿದ್ದ ಹುಡುಗಿಯರಿಗೆ ಹೊಸದೇನೂ ಇಲ್ಲ. ಪಕ್ಕದವಳದನ್ನು ನಕಲು ಮಾಡಿದವರಿಗೆ ಈಗ ಕಷ್ಟ. ಇಂಗ್ಲಿಷು ಚಿಕ್ಕ ಚಿಕ್ಕ ವಾಕ್ಯಗಳಾಗಿ ಸ್ಪಷ್ಟವಾಗಿದ್ದರೆ ಸಾಕು. ಬಳಗದಲ್ಲಿ ಅನೇಕರಿಗೆ ಅದು ಮಾತೃಭಾಷೆಯಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳುವೆವು. ತಂತ್ರಾಂಶವು ಮುಕ್ತವಾಗಿರಬೇಕು, ವ್ಯಕ್ತಿಯ ದೇಹದ ಗುಟ್ಟು ಮುಕ್ತವಾಗಬಾರದು. ೨೦೨೦ರ ಜನವರಿಯಲ್ಲಿ ಕೊರೋನಾ ವಿಷಾಣುವಿನ ಅಕ್ಷರಮಾಲೆಯನ್ನು ಪ್ರಕಟಿಸಿದ್ದರಿಂದ ಜಗತ್ತಿನ ಎಲ್ಲೆಡೆ ರೋಗಪರೀಕ್ಷೆಯನ್ನೂ ಲಸಿಕೆಯನ್ನೂ ಸಿದ್ಧಪಡಿಸಲು ತೊಡಗುವುದು ಸಾಧ್ಯವಾಯಿತು, ಅದು ವಿಷಾಣುವಿನದು. ಮನುಷ್ಯರದು ಹಾಗಲ್ಲ. ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರವು ಮುಂದಾಳಾಗಿ ನಡೆಯಿಸಿದ ಜೀನೋಮ್ ಇಂಡಿಯಾ ಯೋಜನೆಯಲ್ಲಿ ಸುಮಾರು ೧೦,೦೦೦ ಭಾರತೀಯರ ಜೀನೋಮುಗಳನ್ನು ಓದಲಾಗಿದ್ದು, ೨೦೨೫ರ ಜನವರಿಯಿಂದ ಅವು ಫರೀದಾಬಾದಿನ ಭಂಡಾರದಲ್ಲಿ ಸಂಶೋಧಕರಿಗೆ ಸಿಕ್ಕುವಂತೆ ಏರ್ಪಾಡಾಗಿದೆ; ಆದರೆ ಅರ್ಜಿ, ಅನುಮತಿ, ನಿಬಂಧನೆಗಳುಂಟು. ಪ್ರಯೋಗಾಲಯದಲ್ಲಿ ದುಡಿಯುವ ನಮ್ಮ ಹುಡುಗಿಯರು ಕುಂದಿನ ವರದಿಗೆ ರೋಗಿಯ ಕಡತವನ್ನು ಎಂದೂ ಲಗತ್ತಿಸಬಾರದು. ಕಲ್ಪಿತವಾದ ನಾಲ್ಕು ಸಾಲುಗಳನ್ನು ಮಾಡಿ ಕಳುಹಿಸಬೇಕು.

ಇನ್ನು ಹಣದ ಮಾತು. ಬಹುಪಾಲು ಕೆಲಸಕ್ಕೆ ಕೂಲಿಯಿಲ್ಲವೆಂಬುದು ನಿಜ. ವಿಶ್ವವಿದ್ಯಾಲಯಗಳ ಅನುದಾನದಿಂದ ಕೆಲವು ಬಳಗಗಳು ನಡೆಯುವುವು. ಅನುದಾನ ಮುಗಿದಾಗ ಸೊರಗುವುವು. ೨೦೧೯ರಿಂದ ಅಮೇರಿಕದ ಒಂದು ಧನಿಕ ದತ್ತಿಸಂಸ್ಥೆಯು ಇಂಥ ತಂತ್ರಾಂಶಗಳಿಗೆಂದೇ ನೆರವು ಕೊಟ್ಟಿತು. ಎಲ್ಲರಿಗೂ ಅದು ಎಟಕಲಿಲ್ಲ. ಹೊಸಬರಿಗೆ ಭತ್ಯ ಕೊಟ್ಟು ಕೆಲವು ತಿಂಗಳು ಹಿರಿಯರ ಕೈಕೆಳಗೆ ಕಲಿಸುವ ಏರ್ಪಾಡುಗಳು ಎರಡುಂಟು: ೨೦೦೫ರಲ್ಲಿ ಪ್ರಾರಂಭವಾದ ಗೂಗಲ್ ಸಮ್ಮರ್ ಆಫ್ ಕೋಡ್, ಮತ್ತು ಮೊದಲು ಸ್ತ್ರೀಯರಿಗಾಗಿಯೇ ಹುಟ್ಟಿ ಆಮೇಲೆ ವಿಸ್ತಾರವಾದ ಔಟ್‌ರೀಚಿ. ಇವೆರಡೂ ಅಭ್ಯರ್ಥಿಯಿಂದ ಹಣ ಕೇಳುವುದಿಲ್ಲ. ಇವುಗಳ ಹೆಸರಿನಲ್ಲಿ ಯಾರಾದರೂ ಫೀಸು ಕೇಳಿದರೆ ಅದೇ ಮೋಸವೆಂದು ತಿಳಿಯಿರಿ.

ಆ ತಂದೆಯವರಿಗೆ ನಾವು ಮೇಲಿನದೆಲ್ಲವನ್ನೂ ಬರೆದು ತಿಳಿಸಿದೆವು. ಬಿಟ್ಟಿ ಚಾಕರಿಯಲ್ಲಿ ದುಡಿದವನ ಹೆಸರು ಎಲ್ಲಿಯೂ ಇರುವುದಿಲ್ಲ, ದುಡಿಮೆಯ ಫಲವು ಒಡೆಯನ ಕಣಜಕ್ಕೆ ಹೋಗುವುದು. ತಮ್ಮ ಮಗಳ ಹೆಸರು ದಫ್ತರದಲ್ಲಿದೆ, ಫಲವು ಅವಳಿಗೂ ಎಲ್ಲರಿಗೂ ಸೇರಿದ್ದು. ಕೆಲಸ ಕೊಡುವವರು ಯಾರಾದರೂ ಅವಳು ಬರೆದ ಸಾಲುಗಳನ್ನು ತಾವೇ ಓದಿ ನೋಡಬಹುದು ಎಂದೆವು. ಆದರೆ ರಾತ್ರಿ ಹನ್ನೊಂದಕ್ಕೆ ದೀಪವಾರಿಸಬೇಕೆಂದು ಅವಳಿಗೂ ಬರೆದೆವು. ತಂದೆಯವರಿಂದ ಒಂದು ಕಾಗದ ಬಂತು. ಮಗಳು ಅಡಿಗೆಮನೆಯ ಸ್ಟೂಲಿನ ಮೇಲೆ ಕುಳಿತು ಬರೆಯುತ್ತಿದ್ದಳೆಂದೂ, ಬೆನ್ನಿಗೆ ಆಸರೆಯುಳ್ಳ ಕುರ್ಚಿಯೊಂದನ್ನು ತಂದುಕೊಟ್ಟಿರುವುದಾಗಿಯೂ ತಿಳಿಸಿದ್ದರು. ಬಿಟ್ಟಿ ಚಾಕರಿಯ ಮಾತು ಅದರಲ್ಲಿರಲಿಲ್ಲ.

ಈ ಜೂನ್ ತಿಂಗಳಿಂದ, ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳಂದು ಮಧ್ಯಾಹ್ನ ಎರಡು ಗಂಟೆಗೆ, ಅವಳು ಶಾಲೆಗೆ ಬಂದು ಒಂಬತ್ತು ಮತ್ತು ಹತ್ತನೆಯ ತರಗತಿಯವರಲ್ಲಿ ಇಷ್ಟವುಳ್ಳವರಿಗೆ ಪೈಥಾನನ್ನು ಕಲಿಸಲು ಒಪ್ಪಿಕೊಂಡಿದ್ದಾಳೆ. ನಮ್ಮಲ್ಲಿ ಹದಿನಾಲ್ಕು ಕಂಪ್ಯೂಟರುಗಳಿದ್ದು ಹನ್ನೊಂದು ನಡೆಯುತ್ತವೆ. ಉಳಿದ ಮೂರನ್ನು ದುರಸ್ತು ಮಾಡಬಲ್ಲ ಹಳೆಯ ವಿದ್ಯಾರ್ಥಿನಿಯರು ಯಾರಾದರೂ ಇದ್ದರೆ ಕಛೇರಿಗೆ ತಿಳಿಸಬೇಕಾಗಿ ಕೋರುತ್ತೇವೆ.